ನೀಲಿ ತಿಂದ್ಲಾ?

ಆ ಲೈಟ್ ಆರಿಸ್ಬೇಡಿ, ಇರ್ಲಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗ ಸುಗತನಿಗೇ ಆಗಿದ್ದು. ಹೋದ ವರ್ಷ... ಇಲ್ಲೇ, ಹೊರಮಾವಿನ ಹಿಂದೆ.

ರಾತ್ರಿ ಹನ್ನೊಂದು ದಾಟಿತ್ತು. ಸುಗತ ಹಂದಿ ಫಾರಂನಿಂದ ಒಬ್ಬನೇ ಮನೆ ಕಡೆ ನಡ್ಕೊಂಡು ಬರ್ತಿದ್ದ. ದಾರೀಲಿ ಅಪಾರ್ಟ್‌ಮೆಂಟ್ ಕಾಂಪೌಂಡಿಗೆ ಒತ್ಕೊಂಡು ಒಂದು ಹಳೇ ಬಾವಿ ಇದೆ. ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿದಾರೆ. ಅದರ ಹತ್ರ ಬಂದ. ಬೆನ್ನ ಹಿಂದೆ ಸದ್ದಾಯ್ತು.

ಠಕ್... ಕಿರ್ರ್... ಠಕ್.

ನಿಂತ. ಸದ್ದೂ ನಿಂತಿತು. ಎರಡು ಹೆಜ್ಜೆ ಇಟ್ಟ. ಠಕ್... ಕಿರ್ರ್... ಆಮೇಲೆ ಮೂಸೋ ಸದ್ದು. ಫುಸ್... ಫುಸ್... ಅಷ್ಟೇ.

ಸುಗತನಿಗೆ ಆ ಸದ್ದು ತಾಯಿ ದನಿ ಗೊತ್ತಿರೋ ಹಾಗೆ ಗೊತ್ತು. ಫಾರಂನಲ್ಲಿ ಹಂದಿಗಳಿಗೆ ಮೇವು ಹಾಕೋ ಪೆಟ್ಟಿಗೆ ಇದೆಯಲ್ಲ, ಫೀಡರ್ ಅಂತಾರೆ, ಅದರ ಬಾಗಿಲಿನ ಸದ್ದು ಅದು. ಆದ್ರೆ ಫಾರಂ ಅರ್ಧ ಮೈಲಿ ಹಿಂದೆ ಉಳ್ಕೊಂಡಿತ್ತು. ಇನ್ನೊಂದು ವಿಷಯ ಏನಂದ್ರೆ, ಬಾಗಿಲು ತೆಗೆದ್ರೆ ಚಪ್ ಚಪ್ ಅಂತ ತಿನ್ನೋ ಸದ್ದು ಬರ್ಬೇಕು. ಬರ್ಲಿಲ್ಲ.

ಇವನ ಕೆಲಸ ಏನು ಅಂತ ಹೇಳ್ಬಿಡ್ತೀನಿ, ಇಲ್ದಿದ್ರೆ ತಲೆಬುಡ ಅರ್ಥ ಆಗಲ್ಲ. ಒಂದು ದೊಡ್ಡ ಕೋಣೇಲಿ ಹನ್ನೆರಡು ಹಂದಿ. ಎಲ್ಲಕ್ಕೂ ಸೇರಿ ಒಂದೇ ಫೀಡರ್, ಒಂದ್ಸಲಕ್ಕೆ ಒಂದೇ ತಲೆ ತೂರೋದು. ಯಾವುದು ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ತಿಂತು, ಯಾವುದು ಯಾವುದನ್ನ ತಳ್ತು... ಕೂತು ನೋಡಿ ಹಾಳೇಲಿ ಬರೀಬೇಕು. ಹಂದಿಗೆ ಕಾಯಿಲೆ ಬಂದ್ರೆ ಮೊದಲು ನಿಲ್ಸೋದೇ ಊಟ. ಅದಕ್ಕೇ ಈ ಕಾವಲು. ಗುರುತು ಸಿಗ್ಲಿ ಅಂತ ಒಂದೊಂದರ ಬೆನ್ನಿಗೂ ಒಂದೊಂದು ಬಣ್ಣದ ಗೀಟು.

ನೀಲಿ ಗೀಟಿನದು ಎಲ್ಲಕ್ಕಿಂತ ಸಾಧು. ಹಗಲೆಲ್ಲ ಮಿಕ್ಕವು ಅದರ ಕಿವಿ ಕಚ್ಚಿ ಓಡಿಸೋವು. ಎಲ್ಲ ಮಲಗಿದ ಮೇಲೆ, ರಾತ್ರಿ ಎರಡು ಗಂಟೆಗೆ ಮೆಲ್ಲಗೆ ಎದ್ದು ಬಂದು ತಿನ್ನೋದು, ಪಾಪ. ಸುಗತನಿಗೆ ಅದರ ಮೇಲೆ ಪ್ರಾಣ.

ಹಗಲು ಪಾಳಿ ಇವನದು, ರಾತ್ರಿ ಪಾಳಿ ವೆಂಕಟಸ್ವಾಮಿದು. ಐವತ್ತು ದಾಟಿದ ಮನುಷ್ಯ. ಕೆಲಸ ಕಲಿಸ್ದೋನೂ ಅವನೇ, ಮನೆಯಿಂದ ಸಾರು ತಂದು ಬಡಿಸ್ತಿದ್ದೋನೂ ಅವನೇ. ಇವನ ಬಾಯಲ್ಲಿ ಅಣ್ಣ ಅಂದ್ರೆ ಅವನೊಬ್ಬನೇ. ಬೆಳಗ್ಗೆ ಇವನು ಹೋಗಿ ಕೇಳೋನು, "ನೀಲಿ ತಿಂದ್ಲಾ ಅಣ್ಣಾ?"

"ತಿಂದ್ಲು, ಬರ್ಕೊ. ನನ್ ಅಕ್ಷರ ಮೇಡಂಗೆ ತಿಳಿಯಲ್ಲ, ನೀನೇ ಸಹಿ ಹಾಕ್ಬಿಡು ಮಗಾ."

ಇವನು ರಾತ್ರಿ ಹಾಳೇನೂ ತುಂಬಿ ಸಹಿ ಹಾಕೋನು. ಕಣ್ಣಲ್ಲಿ ನೋಡದೇ ಇದ್ದದ್ದಕ್ಕೆ! ಅಣ್ಣ ಹೇಳಿದ ಮೇಲೆ ಮುಗೀತು.

ಅವತ್ತು ಬೆಳಗ್ಗೆ ನೀಲಿ ಗೋಡೆಗೆ ಒರಗಿ ಸತ್ತಿತ್ತು. ಫಾರಂ ನೋಡ್ಕೊಳ್ಳೋ ಡಾಕ್ಟರ್ ಧನಲಕ್ಷ್ಮಿ ಮೇಡಂ ಕುಯ್ದು ನೋಡಿದ್ರು. ಹೊಟ್ಟೇಲಿ ಒಂದು ಕಾಳಿಲ್ಲ. ಮೂರು ದಿನದಿಂದ ಏನೂ ತಿಂದಿಲ್ಲ ಅಂದ್ರು. ಹಾಳೇಲಿ ಮೂರು ರಾತ್ರೀನೂ ನೀಲಿ ಎದುರಿಗೆ "ತಿಂದಿದೆ". ಮೂರಕ್ಕೂ ಸುಗತನ ಸಹಿ.

"ಈ ಮೂರು ರಾತ್ರಿ ಕೂತಿದ್ದು ಯಾರು?"

ಸುಗತ ಅಣ್ಣನ ಮುಖ ನೋಡಿದ. ಅಣ್ಣ ಹಾಳೆ ನೋಡಿದ. "ಸಹಿ ಯಾರದ್ದೋ ಅವರೇ ಮೇಡಂ. ಅವನೇ ಕೂರ್ತೀನಿ ಅಂತ ಕೇಳ್ಕೊಂಡ. ನಾನು ಮನೇಲಿದ್ದೆ."

ಮನೇಲಿದ್ದದ್ದು ನಿಜ! ಮೂರು ರಾತ್ರೀನೂ ಗಡದ್ದಾಗಿ ಮನೇಲಿ ಮಲಗಿ, ಬೆಳಗಿನ ಜಾವ ಬಂದು "ತಿಂದ್ಲು" ಅಂದಿದ್ದ. ಆದ್ರೆ ಸಹಿ ಸುಗತನದು. ನಾಳೆಯಿಂದ ಬರ್ಬೇಡ ಅಂದ್ರು ಮೇಡಂ. ನೋಡೋ ಕೆಲಸದೋನು ನೋಡದೇ ಸುಳ್ಳು ಬರೆದ ಅಂತ ಹೆಸರು ಬಿದ್ರೆ ಇನ್ಯಾವ ಫಾರಂನೋರು ಒಳಗೆ ಬಿಟ್ಕೋತಾರೆ? ಅದೂ ಇರ್ಲಿ. ರಾತ್ರಿ ಪಾಳಿಗೆ ಒಳಗೆ ಹೋದ ಅಣ್ಣ ಹೊರಗೆ ಬಂದು ಒಂದು ಮಾತಾಡ್ತಾನೇನೋ ಅಂತ ಹನ್ನೊಂದರ ತನಕ ಗೇಟಲ್ಲಿ ಕಾದ. ಬರ್ಲಿಲ್ಲ. ಆಮೇಲೆ ಹೊರಟಿದ್ದು, ಬಾವಿ ಹತ್ರ ಬಂದಿದ್ದು.

ಠಕ್... ಕಿರ್ರ್...

ನಾನಾಗಿದ್ರೆ ಚಪ್ಪಲಿ ಬಿಟ್ಟು ಓಡ್ತಿದ್ದೆ. ಇವನು ತಿರುಗಿ ಸದ್ದಿನ ಹಿಂದೆ ನಡೆದ. ಹಸಿದಿದೆ ಅನ್ನಿಸ್ತಂತೆ ಅವನಿಗೆ. ಸದ್ದು ಮುಂದೆ ಮುಂದೆ... ಇವನು ಹಿಂದೆ. ಫಾರಂ ಗೇಟಲ್ಲಿ ವಾಚ್‌ಮ್ಯಾನ್ ಬೈಲಪ್ಪ, "ಮತ್ಯಾಕೆ ಬಂದ್ಯೋ?" ಅಂದ. ಸುಗತ ಅವನನ್ನ ದಾಟಿ ಒಳಗೆ ಹೋದ.

ಕೋಣೇಲಿ ಹನ್ನೊಂದೂ ಹಂದಿ ಒಂದರ ಮೇಲೊಂದು ಕಾಲು ಹಾಕಿ ಮಲಗಿದ್ವು. ಕಟಕಟೆ ಆಚೆ ವೆಂಕಟಸ್ವಾಮಿ ಸ್ಟೂಲ್ ಮೇಲೆ ಕೂತಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು.

"ಅಣ್ಣಾ..."

"ಶ್... ನಿಂತೈತೆ."

"ಯಾರು?"

ಅವನು ಟಾರ್ಚ್ ಎತ್ತಿದ. ಸುಗತನ ಕಣ್ಣಿಗೆ ಯಾರೂ ಕಾಣಿಸ್ಲಿಲ್ಲ. ಆದ್ರೆ ಫೀಡರ್ ಬಾಗಿಲು ಅರ್ಧ ಮೇಲೆದ್ದು ಹಾಗೇ ನಿಂತಿತ್ತು. ಒಳಗೆ ತಲೆ ಇದ್ರೆ ಮಾತ್ರ ಅದು ಹಾಗೆ ನಿಲ್ಲೋದು.

"ತಿಂತಾ ಇದೆಯಾ ಅಣ್ಣಾ?"

"ಇಲ್ಲ ಕಣೋ... ತಲೆ ತಿರುಗ್ಸಿ ನನ್ನೇ ನೋಡ್ತೈತೆ."

ಸುಗತನಿಗೆ ಹೆದರಿಕೆಗಿಂತ ಸಂಕಟ ಜಾಸ್ತಿ ಆಯ್ತು. "ಹಾಗಿದ್ರೆ ಹಾಗೇ ಬರೀರಿ" ಅಂದ.

ವೆಂಕಟಸ್ವಾಮಿ ಹಾಳೆ ಎಳ್ಕೊಂಡು ಬರೆದ. ನೀಲಿ ತಿಂದಿಲ್ಲ. ಮೂರು ರಾತ್ರಿ ನಾನು ಪಾಳಿ ಬಿಟ್ಟು ಮನೇಲಿ ಮಲಗಿದ್ದೆ. ಕೆಳಗೆ ತನ್ನದೇ ಸಹಿ. ಪೆನ್ನು ಎತ್ತಿದ್ದೇ ತಡ... ಠಕ್. ಬಾಗಿಲು ಬಿತ್ತು.

"ಹಾಳೆ ಕೊಡಿ ಅಣ್ಣಾ."

"ನಾನೇ ಮೇಡಂ ಕೈಗೆ ಕೊಡ್ತೀನಿ ಬಿಡೋ. ತಪ್ಪು ಮಾಡ್ದೋನು ನಾನೇ ಹೇಳ್ಬೇಕಲ್ವಾ? ತಿನ್ನೋ ಅನ್ನದ ಮೇಲಾಣೆ."

ಬಿಟ್ಟು ಬಂದ! ಎಂಥ ಪೆದ್ದ ನೋಡಿ. ಕೈಗೆ ಬಂದ ಹಾಳೇನ ಬಿಟ್ಟು ಬರ್ತಾರಾ? ನಾನು ಬೈದಿದ್ದಕ್ಕೆ, "ಅನ್ನದ ಮೇಲೆ ಆಣೆ ಇಟ್ಟ ಮೇಲೂ ಹೇಗೆ ಕಿತ್ಕೊಳ್ಳೋದು" ಅಂದ.

ಮಾರನೇ ದಿನ ತಲೆ ಬಾಚ್ಕೊಂಡು, ಒಗೆದ ಅಂಗಿ ಹಾಕ್ಕೊಂಡು ಕೆಲಸಕ್ಕೆ ಹೋದ. ಮೇಡಂ ಮುಖ ಕೆಂಪಗಿತ್ತು. "ಮಧ್ಯರಾತ್ರಿ ನುಗ್ಗಿ ದೊಣ್ಣೆ ತೋರಿಸಿ ಸುಳ್ಳು ಬರೆಸ್ಕೊಂಡ್ಯಂತೆ?" ಹಾಳೆ ಇರ್ಲಿಲ್ಲ, ಅಣ್ಣ ಯಾವಾಗ್ಲೋ ಹರಿದು ಹಾಕಿದ್ದ. ರಾತ್ರಿ ಬಂದಿದ್ನಾ ಅಂದ್ರೆ ಬೈಲಪ್ಪ ಹೌದು ಅಂದ, ಅವನೇನು ಮಾಡ್ತಾನೆ. ಅಣ್ಣ ಮೂಲೇಲಿ ನಿಂತು ಉಗುರು ನೋಡ್ಕೋತಿದ್ದ. ಮೊದಲ್ನೇ ಸಲ ಮೋಸ ಹೋದಾಗ ಅಳು ಬಂದಿರ್ಲಿಲ್ಲ ಇವನಿಗೆ. ಅವತ್ತು ರಸ್ತೇಲೇ ಅತ್ತ.

ಮೂರು ವಾರ ಕಳೀತು. ಸುಗತ ಕಮ್ಮನಹಳ್ಳೀಲಿ ಒಂದು ತರಕಾರಿ ಅಂಗಡಿ ಸೇರ್ಕೊಂಡ. ಒಂದು ಸಂಜೆ ವೆಂಕಟಸ್ವಾಮಿ ಹೆಂಡತಿ ಮಂಜುಳಮ್ಮ ಹುಡುಕ್ಕೊಂಡು ಬಂದ್ರು. ನಾನೂ ಅಲ್ಲೇ ಇದ್ದೆ.

"ನಿಮ್ಮಣ್ಣ ಇಳಿದು ಹೋಗವ್ರೆ ಕಣಪ್ಪ. ಆಸ್ಪತ್ರೇಲಿ ಏನೂ ಇಲ್ಲ ಅಂತಾರೆ. ಉಣ್ಣಿ ಅಂದ್ರೆ ಉಂಡೆ ಅಂತಾರೆ. ಎದುರಿಗೇ ಕೂತು ನೋಡಿದೀನಿ... ನನ್ ಕಣ್ಣೇ ಸರಿ ಇಲ್ವೋ ಏನೋ. ನೀನು ನೋಡೋ ಕೆಲಸ ಮಾಡ್ದೋನು. ಒಂದ್ಸಲ ಬಂದು ನೋಡು."

ಹೋಗ್ಬೇಡ ಅಂದೆ. ಹೋದ. ಜೊತೇಲಿ ನಾನೂ ಹೋದೆ.

ವೆಂಕಟಸ್ವಾಮಿ ಚಾಪೆ ಮೇಲೆ ಕೂತಿದ್ದ. ಬರೀ ಮೂಳೆ. ಮಂಜುಳಮ್ಮ ಮುದ್ದೆ, ಬಸ್ಸಾರು ಬಡಿಸಿದ್ರು. ಮುರಿದ. ಅದ್ದಿದ. ನುಂಗಿದ. ಗಂಟಲು ಏರಿ ಇಳಿಯೋದು ಕಾಣ್ತಿತ್ತು. ಗುಳುಕ್... ಗುಳುಕ್... ಹತ್ತು ನಿಮಿಷ. ಆಮೇಲೆ ಚೆನ್ನಾಗಿ ತೇಗಿ, ಎದ್ದು ಕೈ ತೊಳೆದ.

"ತಿಂದೆ. ನೋಡಿದ್ಯಲ್ಲ ಮಗಾ? ಇವಳಿಗೆ ಹೇಳು."

ಮಂಜುಳಮ್ಮ ಸುಗತನ ಬಾಯನ್ನೇ ನೋಡ್ತಿದ್ರು. ತಿಂದ್ರು ಅನ್ನೋ ಒಂದು ಮಾತು ಸಾಕಿತ್ತು, ಆಯಮ್ಮ ಅವತ್ತೊಂದು ರಾತ್ರಿ ನಿದ್ದೆ ಮಾಡ್ತಿದ್ರು. ಸುಗತ ಬಗ್ಗಿ ತಟ್ಟೆ ನೋಡಿದ.

"ತಿಂದಿಲ್ಲ ಅಕ್ಕಾ."

ವೆಂಕಟಸ್ವಾಮಿ ಗೋಡೆ ಹಿಡ್ಕೊಂಡ. "ನಿನ್ನ ನಂಬಿದ್ದೆ ಕಣೋ..." ಅಂದ. ಆ ಮಾತು ಅವನ ಬಾಯಲ್ಲಿ!

ನೀವು ನಕ್ರೂ ಸರಿ. ನಾನು ಹೊಸ್ತಿಲಲ್ಲೇ ನಿಂತಿದ್ದೆ, ಈ ಎರಡು ಕಣ್ಣಲ್ಲೇ ನೋಡಿದೀನಿ. ತಟ್ಟೇಲಿ ಮುದ್ದೆ ಗುಂಡಗೆ ಹಾಗೇ ಕೂತಿತ್ತು. ಒಂದು ಬೆರಳಿನ ಗುರುತೂ ಇರ್ಲಿಲ್ಲ.