ಭರ್ತಿ ಆಗೇತಿ

…ಹಂಗಾದ್ರ ಈ ಒಗಟು ಬಿಡಸ್ರಿ ನೋಡೂಣು, ಹವಾಲ್ದಾರ್ ಕಾಕಾ. ಭರ್ತಿ ಐತಿ ಅಂದ್ರ ಜಾಗಾ ಖಾಲಿ ಇರತೈತಿ, ಭರ್ತಿ ಆಗೇತಿ ಅಂದ್ರ ಜಾಗಾನ ಇರೂದಿಲ್ಲ. ಏನದು?

ಗೊತ್ತಿಲ್ಲೇನ್ರಿ? ಸ್ವಲ್ಪ ನಗ್ರಿ… ಇಲ್ಲ? ಇಡೀ ಪೀರನವಾಡ್ಯಾಗ ನನ್ನ ಮಾತಿಗೆ ನಗಲಾರದವ್ರು ನೀವೊಬ್ರ ನೋಡ್ರಿ.

ಶಶಿ? ನಿಮ್ಮ ಮಗಾ ಆರಾಮ ಅದಾನ್ರಿ. ಹೇಳ್ತೇನಿ, ಅದನ್ನ ಹೇಳಾಕಂತನ ಬಂದೇನಿ. ಯಾಕ ಕೆಳಗ ನೋಡಾಕತ್ತೀರಿ? ನನ್ನ ಮಾರಿ ನೋಡ್ರಿ, ಮಾರಿ.

ಮಂಗಳವಾರ ಒಂದು ಮೆಸೇಜು ಬಂದಿತ್ತಲ್ರಿ? ‘ರಕ್ಷಣಾ ಖಾತೆಯಲ್ಲಿ ಭಾರೀ ಸುಧಾರಣೆ. ನಾಲ್ಕು ವರ್ಷದ ಅಗ್ನಿವೀರ ರದ್ದು. ಇನ್ನು ಹದಿನೈದು ವರ್ಷ ನೌಕರಿ, ಪೂರ್ತಿ ಪಿಂಚಣಿ. ಬೆಳಗಾವಿ ಭರ್ತಿ ಆಗೇತಿ, ಗುರುವಾರ ಮುಂಜಾನೆ ಖಾನಾಪುರ ತಹಶೀಲ್ದಾರ ಕಚೇರಿಗೆ ಬರ್ರಿ.’ ಮ್ಯಾಲ ಸಿಂಹದ ಮುದ್ರಿ. ಮುದ್ರಿ ಗೂಗಲ್ಲಿಂದು… ಉಳಿದಿದ್ದೆಲ್ಲಾ ನಂದು.

ಬ್ಯಾಡ್ರಿ, ಏಳಬ್ಯಾಡ್ರಿ! ಕುಂದರ್ರಿ, ನಿಮ್ಮ ಕಾಲ ಹಿಡೀತೇನಿ…

ನಿಮ್ಮ ಕಟ್ಟಿ ಮ್ಯಾಲ ಕೇಳಿದ್ದನ್ನ ಬರದೇನ್ರಿ ನಾ. ಪದ್ಮಾಕರ ಕಾಕಾ ಅಂತಿದ್ರು, ರೊಕ್ಕೆಲ್ಲಾ ಪಿಂಚಣಿಗೇ ಹೋದ್ರ ಡ್ರೋನು ಎಲ್ಲಿಂದ ತರೂದು, ನಾಕ ವರ್ಷದ್ದ ಬರೋಬ್ಬರಿ ಐತಿ ಅಂತ. ನೀವು ಸಿಟ್ಟಿಗೇಳ್ತಿದ್ರಿ. ನಾಕ ಮಂದ್ಯಾಗ ಒಬ್ಬನ್ನ ಇಟ್ಕೊಂಡು ಮೂವರ್ನ ಮನಿಗಿ ಕಳಿಸಿದ್ರ ಯಾವನು ಎದಿ ಕೊಟ್ಟು ನಿಲ್ತಾನು? ಡ್ರೋನಿಗೆ ಅವ್ವ ಇರ್ತಾಳೇನು? ಆ ಮಾತಿಗೆ ನಾನೂ ಚಪ್ಪಾಳಿ ಹೊಡದಿದ್ದೆ, ನೆನಪೈತ್ರ್ಯಾ?

ಒಂದ ದಿನದ ಚೇಷ್ಟಿ ಅಂದ್ಕೊಂಡಿದ್ದೆ. ನಿನ್ನಿ ಸಂಜಿಗೆ ಸುಳ್ಳ ಅಂತ ಹೇಳೂದು, ಇವತ್ತ ಅವ ಖರೇ ಭರ್ತಿಗೆ ಬೆಳಗಾವಿ ಗ್ರೌಂಡಿಗೆ ಹೋಗಿ ಓಡೂದು. ಹೇಳಾಕ ಬಂದಿದ್ದೆ, ಖರೇನ ಬಂದಿದ್ದೆ! ನೀವು ಕುಂದಾ ಡಬ್ಬಿ ತಗದ್ರಿ. ಹದಿನೈದು ವರ್ಷ, ಪಿಂಚಣಿ ಅಂತ ಓಣಿಗೆಲ್ಲಾ ಹಂಚಿದ್ರಿ. ಬಾಯಿ ತುಂಬ ಕುಂದಾ ಇದ್ದಾಗ ಹೆಂಗ ಹೇಳ್ಲಿ? ಎರಡ ಸಲ ತಿಂದೆ. ಆದ್ರೂ ಕಾಕಾ, ಸರಕಾರದವ್ರು ‘ಆಗೇತಿ’ ಅಂತ ಬರೀತಾರೇನ್ರಿ? ಹತ್ತನೇತ್ತೆ ಫೇಲಾದವನ ಕನ್ನಡ ಅದು! ಇಷ್ಟ ವರ್ಷ ಮಿಲ್ಟ್ರಿ ಕಾಗದ ಓದಿದವ್ರು ನೀವಾದ್ರೂ ಹಿಡೀಬೇಕಿತ್ತು… ತಪ್ಪಾತು. ತಪ್ಪಾತ್ರಿ.

ಮುಂಜಾನೆ ಶಶಿ ಜೋಡಿ ನಾನೂ ಖಾನಾಪುರ ಬಸ್ ಹತ್ತಿದೆ. ದಾರ್‍ಯಾಗರ ಹೇಳೂಣು ಅಂತ. ಅವ ಬರೇ ಪಿಂಚಣಿ ಬಂದ ಮ್ಯಾಲ ನಿಮಗ ಏನೇನ ಕೊಡಸ್ತೇನಿ ಅನ್ನೂದ… ಕಚೇರಿ ಮುಂದ ಒಬ್ಬ ಸಿಪಾಯಿ ನಕ್ಕಬಿಟ್ಟ. “ತಮ್ಮಾ, ಭರ್ತಿ ಬೆಳಗಾವ್ಯಾಗ ನಡದೈತಿ. ಇಷ್ಟೊತ್ತಿಗೆ ಗೇಟ್ ಬಂದ್ ಆಗಿರ್ಬೇಕು.”

ಗೊತ್ತೈತ್ರಿ, ಅವಂಗ ಇದು ಕಡೀ ಭರ್ತಿ. ಮುಂದಿಂದು ಬರೂದ್ರಾಗ ಅವನ ವಯಸ್ಸು ದಾಟತೈತಿ. ಗೊತ್ತೈತಿ.

ಆಗ ಎಲ್ಲಾ ಹೇಳ್ದೆ. ಅವ… ಅವ ನಕ್ಕನ್ರಿ! ‘ಹುಚ್ಚ ಪಾರ್ಶ್ವ’ ಅಂತ ಬೆನ್ನಿಗೆ ಗುದ್ದಿದ. ಇಲ್ಲೇ ಖಾನಾಪುರದಾಗ ಕಾಂತಾ ಅತ್ತಿ ಮನ್ಯಾಗ ಉಂಡು ಸಂಜಿಗೆ ಬರ್ತೇನಿ, ಅಪ್ಪಗ ಹೇಳು ಅಂದ. ಅಷ್ಟರಿ. ಕತಿ ಮುಗೀತು.

ಏನರ ಅನ್ರಿ, ಕಾಕಾ. ಬೈರಿ. ನೀವು ಮಾತಾಡಿದ್ರ ನನಗ ಸುಳ್ಳ ಹೇಳಾಕ ಬರತೈತಿ, ಹಿಂಗ ಸುಮ್ಮ ಕುಂತ್ರ…

ಮತ್ತ ಕಾಲ ನೋಡಾಕತ್ತೀರಿ.

ಹೌದ್ರಿ. ಅವನ ಬೂಟ. ಭರ್ತಿ ಓಟಕ್ಕಂತ ನೀವು ಬೆಳಗಾವಿ ಕ್ಯಾಂಪಿನ್ಯಾಗ ಕೊಡಸಿದ್ದು. ಕೈಯಾಗ ಹಿಡಕೊಂಡ ಬಂದ್ರ ದೂರಿಂದ ಕಾಣ್ತಾವಂತ ಹಾಕ್ಕೊಂಡೆ, ಎರಡ ಸೈಜ ದೊಡ್ಡವು. ಕಚೇರಿ ಮೆಟ್ಟಲ ಮ್ಯಾಲ ಬಿಚ್ಚಿ ಕೊಟ್ಟ. “ನನಗ ಇನ್ನ ಬ್ಯಾಡ,” ಅಂದ. ಅಂದಿದ್ದು ಅದೊಂದ ಮಾತು. ಗುದ್ದಲಿಲ್ಲ. ಅತ್ತಿ ಹೆಸರ ತಗೀಲಿಲ್ಲ. ಬರಿಗಾಲಲೆ ಟೇಶನ್ ಕಡೆ ಹೋದ, ಅಲ್ಲಿಂದ ಹಳಿ ಹಿಡದು ಲೋಂಡಾ ಕಡೆ… ಕರದೆ, ಕರದೆ, ತಿರಗಿ ನೋಡಲಿಲ್ಲ.

ಏಳ್ರಿ ಕಾಕಾ! ಗಾಡಿ ಚಾಲೂ ಮಾಡ್ರಿ, ನಾ ಹಿಂದ ಕುಂದರ್ತೇನಿ, ಜಾಗಾ ತೋರಸ್ತೇನಿ. ಹೊಡಿಯೂದು ಆಮ್ಯಾಲ ಹೊಡೀರಿ. ಅವ ನಕ್ಕಿದ್ದು… ಅದನ್ನ ಬಸ್ಸಿನ್ಯಾಗ ಬರ್ತಾ ನಾ ಕಟ್ಟಿದ್ದು.