ಉರಿಯಮ್ಮನಿಗೆ ತಂಪು

ವೇದಿಕೆಯ ಅಧ್ಯಕ್ಷರೂ ನನ್ನ ಹಳೆಯ ವಿದ್ಯಾರ್ಥಿಯೂ ಆದ ಭೈರೇಶ್ ಅವರೇ, ಮುಖ್ಯ ಅತಿಥಿಗಳೇ, ಉರಿಯಮ್ಮ ಬಡಾವಣೆಯ ಹಿರಿಯರೇ, ತಾಯಂದಿರೇ, ಒಗ್ಗರಣೆ ವಾಸನೆ ಬಂದರೂ ಏಳದೆ ಕುಳಿತಿರುವ ಸಭಿಕರೇ,

ಹೈಸ್ಕೂಲಿನ ಹೆಡ್‌ಮೇಡಂ ನಿವೃತ್ತಿಯಾದಳೆಂದು ಗುಡಿಯ ವಾರ್ಷಿಕೋತ್ಸವದ ದಿನವೇ ಶಾಲು ಹೊದಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಸಂತೋಷ. ಶಶಿಕುಮಾರ್, ಆ ಫೋನು ಒಳಗಿಡಪ್ಪ. ಹತ್ತನೇ ಕ್ಲಾಸಿನಲ್ಲೂ ಹೀಗೇ ಮೇಜಿನ ಕೆಳಗೆ ಏನಾದರೂ ಇಟ್ಟುಕೊಂಡಿರುತ್ತಿದ್ದೆ.

ಸ್ವಾಗತ ಭಾಷಣದಲ್ಲಿ ಭೈರೇಶ್ ಒಂದು ಮಾತು ಹೇಳಿದರು. "ಉಲ್ಲಾಳದ ಈ ಕಡೆ ಮೊದಲು ಏನೂ ಇರ್ಲಿಲ್ಲ. ಬರೀ ಪೊದೆ, ಹಾವು. ನಮ್ ತಾತ ಕಡಿಸಿ, ಹಸನು ಮಾಡಿಸಿ, ಜನ ಬಾಳೋ ಹಾಗೆ ಮಾಡಿದ್ರು." ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅಭ್ಯಾಸಬಲ ನೋಡಿ, ನಾನೂ ಕೈ ಎತ್ತಿದ್ದೆ. ಆಮೇಲೆ ಮೈಯೆಲ್ಲ ಉರಿದುಹೋಯಿತು. ಏನೂ ಇರಲಿಲ್ಲವೇ? ಹಾಗಾದರೆ ನಾನು ಹುಟ್ಟಿದ್ದು ಎಲ್ಲಿ?

ಹೌದು ಸ್ವಾಮಿ, ನಾನು ಇಲ್ಲೇ ಹುಟ್ಟಿದವಳು. ನಾವು ಇರುಳಿಗರು. ಇದೇ ಪೊದೆಗಳಲ್ಲಿ ಜೇನು ಕೀಳುತ್ತ, ಗೆಡ್ಡೆ ಅಗೆಯುತ್ತ ಬದುಕಿದ ಜನ. "ಪಾಪಮ್ಮ ಮೇಡಂ, ನಿಮ್ದು ಯಾವೂರು?" ಎಂದು ನೀವು ಕೇಳಿದಾಗಲೆಲ್ಲ ಮಾಗಡಿ ಕಡೆ ಎನ್ನುತ್ತಿದ್ದೆ. ಇಲ್ಲಿಂದ ಓಡಿಹೋಗಿ ಸೇರಿದ್ದು ಅಲ್ಲಿಗೇ, ಅದೇನು ಸುಳ್ಳಲ್ಲ. ಬೇರೆ ಕಡೆಗೆ ವರ್ಗವಾದಾಗ ಕಾಡಿ ಬೇಡಿ ಇಲ್ಲೇ ಉಳಿದೆ. ಮೇಡಂಗೆ ನಮ್ಮ ಬಡಾವಣೆ ಅಂದರೆ ಪ್ರಾಣ ಎಂದು ಹೇಳಿಕೊಂಡು ತಿರುಗಿದಿರಿ. ಅಯ್ಯೋ ನಿಮ್ಮ! ನಾನು ಉಳಿದದ್ದು ನನ್ನಜ್ಜಿಗಾಗಿ.

ಆಗ ನನಗೆ ಆರು ವರ್ಷ. ಜಾಗ ಸಾಗುವಳಿಗೆ ಬೇಕು, ಗುಡಿಸಲು ಕಿತ್ತುಕೊಂಡು ಏಳಿ ಎಂದರು. ಅಜ್ಜಿ ಏಳಲಿಲ್ಲ. ಮಾದಿ ಎಂದು ಅವಳ ಹೆಸರು, ಬಾಯಿ ಬಲು ಜೋರು. "ನಮ್ಮವ್ವನ್ನ ಇಲ್ಲೇ ಮಣ್ಣು ಮಾಡಿದೀನಿ, ನಾನ್ಯಾಕೆ ಏಳ್ಲಿ?" ಅಂದಳು. ಒಂದು ಮಧ್ಯಾಹ್ನ ಬೆಂಕಿ ಇಟ್ಟರು. ನಾವೆಲ್ಲ ಓಡಿದೆವು. ಅಜ್ಜಿ ಒಳಗೇ ಇದ್ದಳು. ಬೆಂಕಿ ಇಡಿಸಿದವರು ಯಾರು? ಈಗತಾನೆ ಹಾರ ಹಾಕಿದಿರಲ್ಲ, ಇಲ್ಲೇ ನನ್ನ ಎಡಗಡೆ ಇದೆ ಆ ತಾತನವರ ಫೋಟೋ.

ಮಾರನೆಯ ದಿನ ನನ್ನವ್ವ ಕದ್ದು ಬಂದು, ಸಿಕ್ಕಷ್ಟನ್ನು ಅಲ್ಲೇ ಹೂತು, ಗುರುತಿಗೆ ಅಜ್ಜಿಯ ಅರೆಯುವ ಕಲ್ಲನ್ನು ತಲೆಯ ಕಡೆ ನೆಟ್ಟಳು. ನಿಮ್ಮ ಉರಿಯಮ್ಮ ಅದೇ ಕಲ್ಲು. ನಡುವೆ ಗುಳಿ ಇದೆಯಲ್ಲ, ದೇವಿಯ ಪಾದದ ಗುರುತು ಎಂದು ಪೂಜಾರರು ಹೇಳುತ್ತಾರಲ್ಲ, ಅದು ಸೊಪ್ಪು ಅರೆದೂ ಅರೆದೂ ಆದ ಗುಳಿ.

ಆ ವರ್ಷ ಊರಿನಲ್ಲಿ ದನ ಸತ್ತವು. ಫೋಟೋದ ಯಜಮಾನರ ಮೈತುಂಬ ಬೊಕ್ಕೆ ಎದ್ದವು. ಹೆದರಿದರು ನೋಡಿ! ಕಲ್ಲಿಗೆ ಅರಿಶಿನ ಕುಂಕುಮ ಬಳಿದರು. "ತಾಯಿ ಉರೀತಾವ್ಳೆ, ತಂಪು ಮಾಡಿ" ಎಂದು ಕೊಡಗಟ್ಟಲೆ ನೀರು ಸುರಿದರು. ಇವತ್ತು ಬೆಳಿಗ್ಗೆ ನೀವೂ ಸುರಿದಿರಿ. ಟ್ಯಾಂಕರ್ ನೀರಿಗೆ ಜುಟ್ಟು ಹಿಡಿದು ಕಿತ್ತಾಡುವ ಜನ, ಇಷ್ಟು ನೀರು ಯಾಕೆ ಸುರಿಯುತ್ತೇವೆ ಎಂದು ಒಬ್ಬರಾದರೂ ಕೇಳಿದಿರಾ? ಉರಿ ನೆನಪಿದೆ ನಿಮಗೆ. ಉರಿದವಳು ನೆನಪಿಲ್ಲ.

ನನ್ನವ್ವನಿಗೆ ವಯಸ್ಸಾದ ಮೇಲೆ ಒಮ್ಮೆ ಈ ಉತ್ಸವಕ್ಕೆ ಕರೆತಂದಿದ್ದೆ. ಕೊಡ ಹೊತ್ತ ಹೆಂಗಸರ ಸಾಲನ್ನು ನೋಡುತ್ತ ನಿಂತಳು. ಅಳಲಿಲ್ಲ. "ಈಗ ಹಾಕ್ತಾವ್ರೆ ನೋಡು ನೀರು" ಅಂದಳು.

ಭೈರೇಶ್, ಮೈಕಿಗೆ ಕೈ ಹಾಕಬೇಡ. ಮುಗಿಸುತ್ತಿದ್ದೇನೆ, ಕೂತ್ಕೋ.

ನಾಳೆ ಬೆಳಿಗ್ಗೆ ಜೆಸಿಬಿ ಬರುತ್ತದೆ, ಕಲ್ಲನ್ನು ಎತ್ತಿಟ್ಟು ಗ್ರಾನೈಟ್ ಪೀಠಕ್ಕೆ ಪಾಯ ತೆಗೆಯುತ್ತೀರಿ ಎಂದು ನಿಮ್ಮ ಕರಪತ್ರದಲ್ಲೇ ಇದೆ. ಆ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಎಲ್ಲಿಗೋ ಸುರಿದು ಬರುತ್ತೀರಿ. ಅದರೊಳಗೆ ನನ್ನಜ್ಜಿ ಇದ್ದಾಳೆ. ಆದ್ದರಿಂದ ನಾನು, ನಮ್ಮವರು, ಜೆಸಿಬಿಗಿಂತ ಮೊದಲೇ ಬಂದು ಅಲ್ಲಿ ಕೂತಿರುತ್ತೇವೆ. ಗುಡಿ ಕಟ್ಟಬೇಡಿ ಎನ್ನುವುದಕ್ಕಲ್ಲ, ಗಾಬರಿಯಾಗಬೇಡಿ. ಕೈಯಲ್ಲೇ ಮಣ್ಣು ಬಗೆದು, ಸಿಕ್ಕಷ್ಟು ಅಜ್ಜಿಯನ್ನು ನೀವು ಹೊದಿಸಿದ ಈ ಶಾಲಿನಲ್ಲಿ ಕಟ್ಟಿಕೊಂಡು ಹೋಗುತ್ತೇವೆ. ಅಷ್ಟಕ್ಕೆ ದಾರಿ ಬಿಡಿ.

ಕಲ್ಲು ನಿಮಗೇ ಇರಲಿ. ಮುಂದಿನ ವರ್ಷವೂ ಕೊಡ ಹೊರಿ, ನೀರು ಸುರಿಯಿರಿ. ಕೆಳಗೆ ಯಾರೂ ಇರುವುದಿಲ್ಲ. ಆಗ ಭಾಷಣ ಮಾಡು ಭೈರೇಶ, ಇಲ್ಲಿ ಏನೂ ಇರಲಿಲ್ಲ ಅಂತ.

ಶಾಲು ಕೊಟ್ಟದ್ದಕ್ಕೆ, ಇಷ್ಟು ಹೊತ್ತು ಕೇಳಿಸಿಕೊಂಡದ್ದಕ್ಕೆ ವಂದನೆಗಳು. ಎಲ್ಲರೂ ಊಟ ಮಾಡಿಕೊಂಡು ಹೋಗಿ. ನಮಸ್ಕಾರ.