ಭೀಮಸಿಯವರ ಕಾರ್ಡು, ಅಕ್ಕುತಾಯಿಯ ಕಣ್ಣು

ಮಾನ್ಯ ಅಧ್ಯಕ್ಷರಾದ ಆಬಾಸಾಹೇಬರೇ, ಶಾಲು ಹೊದ್ದು ಕುಳಿತಿರುವ ಶ್ರೀ ಭೀಮಸಿಯವರೇ, ರಾಯಬಾಗ ತಾಲೂಕಿನ ನಿವೃತ್ತ ಬಂಧುಗಳೇ, ತಾಯಂದಿರೇ,

ಮುಪ್ಪಿನಲ್ಲಿ ದವಾಖಾನೆಯ ಖರ್ಚನ್ನು ಸರಕಾರ ಯಾರಿಗೆ, ಎಷ್ಟು ಭರಿಸುತ್ತದೆ ಎಂಬುದನ್ನು ವಿವರಿಸಿ, ಅನಂತರ ಭೀಮಸಿಯವರನ್ನು ಅಭಿನಂದಿಸಬೇಕೆಂದು ನನಗೆ ಅಪ್ಪಣೆಯಾಗಿದೆ. ಎರಡೂ ಒಂದೇ ವಿಷಯ. ಏಕೆಂದರೆ ಈ ಸಭೆಯಲ್ಲಿ ಸರಕಾರ ಭರಿಸುವುದು ಭೀಮಸಿಯವರಿಗೆ ಮಾತ್ರ.

ನಾನು ೧೯೮೮ರಲ್ಲಿ ನಿವೃತ್ತನಾದ ಶಿಕ್ಷಕ. ಸೇವೆಯಲ್ಲಿದ್ದಾಗ ಔಷಧದ ಬಿಲ್ಲು ಕೊಟ್ಟರೆ ಹಣ ಮರಳಿ ಬರುತ್ತಿತ್ತು. ನಿವೃತ್ತಿಯ ಮರುದಿನದಿಂದ ಇಲ್ಲ. ಬೀಳ್ಕೊಡುಗೆಯಲ್ಲಿ ಹಾರ ಹಾಕಿದವರಲ್ಲಿ ಒಬ್ಬರಾದರೂ ಇದನ್ನು ಹೇಳಿದರೇ? ಭೀಮಸಿಯವರು ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದರು. ನೌಕರಿ ಬಿಡುವಾಗ ಒಮ್ಮೆ ವಂತಿಗೆ ತುಂಬಿ ದವಾಖಾನೆಯ ಕಾರ್ಡು ಪಡೆದರು. ಈಗ ಗಂಡಹೆಂಡತಿ ಇಬ್ಬರಿಗೂ ಬದುಕಿರುವ ತನಕ ಹುಬ್ಬಳ್ಳಿಯ ರೈಲ್ವೆ ದವಾಖಾನೆ. ಅವರ ಪತ್ನಿ ರುಕ್ಮವ್ವನವರ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ. ಆ ತಾಯಿ ಈಗ ತಮ್ಮ ಜೋಳದಲ್ಲಿನ ಕಲ್ಲನ್ನಷ್ಟೇ ಅಲ್ಲ, ನೆರೆಮನೆಯ ಜೋಳದಲ್ಲಿನ ಕಲ್ಲನ್ನೂ ತೋರಿಸುತ್ತಾರೆ.

ನನ್ನ ಪತ್ನಿ ಅಕ್ಕುತಾಯಿಯವರಿಗೂ ಅದೇ ಪೊರೆ. ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ನನ್ನನ್ನು ದನಿಯಿಂದ ಗುರುತಿಸುತ್ತಾರೆ.

ಇಲ್ಲೊಂದು ಹಳೆಯ ಸಂಗತಿ ಹೇಳದೆ ನಿರ್ವಾಹವಿಲ್ಲ. ಪಾಲಬಾವಿಯ ನನ್ನ ಮಾವನವರ ಮುಂದೆ ಅಂದು ಎರಡು ಸಂಬಂಧಗಳಿದ್ದವು: ನಾನೊಬ್ಬ, ಈ ಭೀಮಸಿಯವರೊಬ್ಬರು. ಮಾವನವರು ಮಾಸ್ತರನನ್ನು ಆರಿಸಿದರು. ಅದು ಸರಿಯಾದ ಆಯ್ಕೆ ಎಂದೇ ನಮ್ಮ ಸಂಸಾರ ನಡೆದಿತ್ತು. ಕಳೆದ ತಿಂಗಳು ಸಾರಿಗೆ ಉಪ್ಪಿನ ಬದಲು ಸಕ್ಕರೆ ಬಿತ್ತು. ನಾನು ಗೊಣಗಿದೆ. ಅಕ್ಕುತಾಯಿ ತಣ್ಣಗೆ ಅಂದರು: "ನಮ್ಮಪ್ಪ ಆ ರೇಲ್ವೆದವಗ ಕೊಟ್ಟಿದ್ರ ನನ್ನ ಕಣ್ಣ ಎಂದೋ ನೆಟ್ಟಗಾಗ್ತಿದ್ವು."

ಸಭಿಕರೇ, ಹೆಂಡತಿ ಗಂಡನನ್ನು ಬೈಯಬಹುದು. ಇನ್ನೊಬ್ಬರನ್ನು ಸ್ಮರಿಸಬಹುದೇ?

ಮರುವಾರವೇ ಭೀಮಸಿಯವರು ನಮ್ಮ ಕಟ್ಟೆಗೆ ಬಂದರು. ಊರಿನ ಮುದುಕರನ್ನೆಲ್ಲ ದವಾಖಾನೆಗೆ ಕರೆದೊಯ್ಯುವ ಸೇವೆಗಾಗಿಯೇ ಅಲ್ಲವೇ ಈ ಶಾಲು?

"ಮಾಸ್ತರ, ಚಿಕ್ಕೋಡ್ಯಾಗ ಸರಕಾರಿ ಕಣ್ಣಿನ ಶಿಬಿರ ಐತ್ರಿ. ಕಾರ್ಡ ಬ್ಯಾಡ, ರೊಕ್ಕಾ ಬ್ಯಾಡ. ವೈನಿನ್ನ ನಾ ಕರಕೊಂಡ ಹೋಗ್ತೇನ್ರಿ."

ವೈನಿಯಂತೆ, ಅಂದರೆ ಅತ್ತಿಗೆಯಂತೆ! "ನಮ್ಮ ಮನ್ಯಾವರಿಗೆ ನಾ ಅದೇನಿ," ಎಂದೆ.

ಒಳಗಿನಿಂದ ಅಕ್ಕುತಾಯಿ: "ನೀವ ಅದೀರಿ ಖರೆ, ನನಗ ಕಾಣವಲ್ರಿ!"

ಭೀಮಸಿಯವರು ನಕ್ಕರು. ನಗುವ ಹಕ್ಕು ಅವರಿಗೆ ಯಾವ ಕಾರ್ಡಿನಿಂದ ಬಂತೋ ತಿಳಿಯದು. ಶಿಬಿರ ಉಚಿತವೆಂಬುದು ನನಗೆ ಅಡ್ಡಿಯಲ್ಲ; ಸುದ್ದಿ ತಂದವರು ಯಾರು ಎಂಬುದೇ ಅಡ್ಡಿ. ಆದ್ದರಿಂದ ಈವರೆಗೆ ಉತ್ತರ ಕೊಟ್ಟಿರಲಿಲ್ಲ. ಈಗ, ತಮ್ಮೆಲ್ಲರ ಸಮಕ್ಷಮ ಕೊಡುತ್ತೇನೆ.

ಸೋಮವಾರ ಅಕ್ಕುತಾಯಿ ಚಿಕ್ಕೋಡಿಗೆ ಬರುತ್ತಾರೆ. ಭೀಮಸಿಯವರೂ ಬರಲಿ, ಡಾಕ್ಟರರೊಡನೆ ಮಾತಾಡುವುದು ಅವರಿಗೆ ರೂಢಿ. ಬಸ್ಸಿನಲ್ಲಿ ಇಬ್ಬರ ನಡುವೆ ನಾನು ಕೂರುತ್ತೇನೆ. ಒಂದೇ ವಿನಂತಿ: ಕಣ್ಣಿನ ಪಟ್ಟಿ ಬಿಚ್ಚುವ ಹೊತ್ತಿನಲ್ಲಿ ಭೀಮಸಿಯವರು ಹೊರಗೆ ಚಹಾ ಕುಡಿಯುತ್ತಿರಲಿ. ಚಹಾ ನಾನೇ ಕೊಡಿಸುತ್ತೇನೆ. ಆಗ ಆಕೆಯ ಎದುರಿಗೆ ನಾನೊಬ್ಬನೇ ಇರಬೇಕು.

ಭೀಮಸಿಯವರಿಗೆ ಅಭಿನಂದನೆಗಳು. ಇಷ್ಟು ಹೊತ್ತು ಸಹನೆಯಿಂದ ಆಲಿಸಿದ ತಮಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ.